ನಾಲ್ಕು ಬಾರಿ ಓಡಾಡುವ ಕಾಗದ

ಊರಿನ ಸ್ಟುಡಿಯೋಗೆ ರೋಲು ಕೊಟ್ಟು, ಮೂವತ್ತಾರರಲ್ಲಿ ಎಷ್ಟು ಚಿತ್ರ ಸರಿಯಾಗಿ ಬಂದಿವೆಯೋ ಎಂದು ದಿನ ಎಣಿಸುತ್ತಿದ್ದ ಕಾಲವೊಂದಿತ್ತು. ಈಗ ಕಾಯುವ ಕಷ್ಟವಿಲ್ಲ. ಮೊಬೈಲಿನಲ್ಲಿ ಸಾವಿರಾರು ಚಿತ್ರಗಳಿರುತ್ತವೆ. ಅಜ್ಜಿಯ ಕೈಗೆ ಕೊಡಲು ಮಾತ್ರ ಒಂದೂ ಇರುವುದಿಲ್ಲ. ಫೋನು ನೀರಿಗೆ ಬಿದ್ದರೆ ಇದ್ದದ್ದೂ ಹೋಯಿತು. ಈ ಕೊರತೆ ತುಂಬಲು ಮನೆಯ ಮೇಜಿನ ಮೇಲೆ ಬಂದು ಕುಳಿತಿರುವುದೇ ಊಟದ ಡಬ್ಬಿಯಷ್ಟು ದೊಡ್ಡದಾದ ಫೋಟೋ ಪ್ರಿಂಟರ್.

ಇವುಗಳಲ್ಲಿ ಬಹಳ ಪರಿಚಿತವಾದದ್ದು ಜಪಾನಿನ ಕ್ಯಾನನ್ ಸಂಸ್ಥೆಯ ‘ಸೆಲ್ಫಿ’. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಸೆಲ್ಫಿಗೂ ಇದಕ್ಕೂ ನಂಟಿಲ್ಲ. ಆ ಪದ ಎಲ್ಲರ ಬಾಯಿಗೆ ಬರುವ ಮೊದಲೇ, 2004ರಲ್ಲೇ, ಈ ಪ್ರಿಂಟರಿಗೆ ಹೆಸರಿಟ್ಟಾಗಿತ್ತು. 2022ರಲ್ಲಿ ಬಂದ ಸಿಪಿ 1500 ಮಾದರಿ, 10 ಸೆಂಟಿಮೀಟರ್ ಅಗಲ 14.8 ಸೆಂಟಿಮೀಟರ್ ಉದ್ದದ ಒಂದು ಚಿತ್ರವನ್ನು 41 ಸೆಕೆಂಡಿನಲ್ಲಿ ಮುದ್ರಿಸುತ್ತದೆ. ಅದು ಕೆಲಸ ಮಾಡುವುದನ್ನು ನೋಡುವುದೇ ಮಕ್ಕಳಿಗೊಂದು ಆಟ. ಮೊದಲ ಸಲ ಹೊರಗೆ ಇಣುಕಿದ ಕಾಗದದಲ್ಲಿ ಬರಿಯ ಹಳದಿ. ಒಳಗೆ ಹೋಗಿ ಮತ್ತೆ ಬಂದಾಗ ಕಡುಗುಲಾಬಿ ಸೇರಿ ಮುಖಗಳು ಕೆಂಪಾಗಿರುತ್ತವೆ. ಮೂರನೆಯ ಸಲ ಸಯಾನ್ ಎಂಬ ಹಸಿರುನೀಲಿ ಬಿದ್ದೊಡನೆ ಆಕಾಶ ಆಕಾಶವಾಗುತ್ತದೆ, ತಲೆಗೂದಲು ಕಪ್ಪಾಗುತ್ತದೆ. ನಾಲ್ಕನೆಯ ಓಡಾಟ, ಬಣ್ಣವಿಲ್ಲದ ರಕ್ಷಾಲೇಪಕ್ಕೆ. ಕಪ್ಪು ಬಣ್ಣ ಪ್ರತ್ಯೇಕವಾಗಿ ಇಲ್ಲವೇ ಇಲ್ಲ!

ಇಲ್ಲಿ ಶಾಯಿಯ ಹನಿಗಳಿಲ್ಲ. ಕ್ಯಾಸೆಟ್ಟಿನಲ್ಲಿ ಸುತ್ತಿಟ್ಟ ತೆಳುವಾದ ರಿಬ್ಬನ್ನಿನ ಮೇಲೆ ಬಣ್ಣಗಳು ಒಣಗಿದ ಪದರವಾಗಿರುತ್ತವೆ. ರಿಬ್ಬನ್ನನ್ನು ಕಾಗದಕ್ಕೆ ಒತ್ತಿ ಹಿಡಿಯುವ ತಲೆಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಹೀಟರುಗಳ ಸಾಲಿದೆ. ಒಂದು ಅಂಗುಲಕ್ಕೆ 300. ಪ್ರತಿಯೊಂದೂ 256 ಮಟ್ಟಗಳಲ್ಲಿ ಬಿಸಿಯಾಗಬಲ್ಲದು. ಹೆಚ್ಚು ಬಿಸಿಯಾದಲ್ಲಿ ಹೆಚ್ಚು ಬಣ್ಣ ಇಳಿಯುತ್ತದೆ. 256ನ್ನು ಮೂರು ಸಲ ಗುಣಿಸಿ ನೋಡಿ, ಒಂದು ಕೋಟಿ 67 ಲಕ್ಷಕ್ಕೂ ಮೀರಿದ ಛಾಯೆಗಳು!

ಈ ವಿಧಾನಕ್ಕೆ ಡೈ ಸಬ್ಲಿಮೇಷನ್ ಎಂದು ಹೆಸರು. ಸಬ್ಲಿಮೇಷನ್ ಎಂದರೆ ಉತ್ಪತನ, ಕರ್ಪೂರದಂತೆ ಘನವಸ್ತು ಕರಗದೆಯೇ ಆವಿಯಾಗುವುದು. ಹೆಸರಿಟ್ಟವರು ಹಾಗೆಂದುಕೊಂಡಿದ್ದರು. ಮುಂದೆ ಪರಿಶೀಲಿಸಿದಾಗ ಇಲ್ಲಿ ಮುಖ್ಯವಾಗಿ ನಡೆಯುವುದು ವಿಸರಣ ಎಂದು ತಿಳಿಯಿತು. ಎಲೆಯ ಮೇಲೆ ಬೀಟ್‌ರೂಟ್ ಪಲ್ಯದ ಬಣ್ಣ ಪಕ್ಕದ ಮೊಸರನ್ನಕ್ಕೆ ಇಳಿಯುವುದಿಲ್ಲವೇ, ಅದೇ ತರಹ. ಬಿಸಿಗೆ ಸಡಿಲಗೊಂಡ ಬಣ್ಣದ ಕಣಗಳು ಕಾಗದದ ಪ್ಲಾಸ್ಟಿಕ್ ಪದರದೊಳಗೆ ನುಸುಳಿ ನೆಲೆಸುತ್ತವೆ. ಹೆಸರು ಮಾತ್ರ ಹಳೆಯದೇ ಉಳಿದಿದೆ. ವಿಜ್ಞಾನದಲ್ಲಿ ಇಂಥವು ಬೇಕಾದಷ್ಟಿವೆ.

ಒಳಗೆ ನುಸುಳಬಲ್ಲ ಬಣ್ಣ ಹೊರಗೂ ನುಸುಳಬಲ್ಲದು. ಕೊಳ್ಳುವವರು ಗಮನಿಸಬೇಕಾದ ಸಂಗತಿ ಇದೇ. ನೀರು ಬಿದ್ದರೆ ಈ ಚಿತ್ರಕ್ಕೆ ಅಷ್ಟಾಗಿ ಭಯವಿಲ್ಲ, ಮೇಲಿನ ಲೇಪ ಕಾಯುತ್ತದೆ, ಬಟ್ಟೆಯಿಂದ ಒರೆಸಿಕೊಂಡರಾಯಿತು. ಅದರ ಶತ್ರು ಬೇರೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕನ್ನು ಬಾಗುವಂತೆ ಮಾಡಲು ಬೆರೆಸುವ ಎಣ್ಣೆಯಂಥ ವಸ್ತುವೊಂದಿದೆ. ಅದು ತಾಗಿದಲ್ಲಿ ಬಣ್ಣ ನಿಧಾನವಾಗಿ ಆ ಪ್ಲಾಸ್ಟಿಕ್ಕಿಗೇ ಹೊರಟುಬಿಡುತ್ತದೆ. ಪ್ಲಾಸ್ಟಿಕ್ ರಬ್ಬರು, ಅಂಟುಪಟ್ಟಿ, ಸ್ಪಿರಿಟ್ಟು ಕೂಡ ಕೇಡೇ. ಆದರೆ ನಮ್ಮವರು ಫೋಟೋ ಇಡುವುದು ಎಲ್ಲಿ? ಪರ್ಸಿನ ಪಾರದರ್ಶಕ ಜೇಬಿನಲ್ಲಿ! ತೀರಿಹೋದ ತಂದೆಯ ಚಿತ್ರವನ್ನು ಬೆಚ್ಚಗೆ ಎದೆಯ ಬಳಿ ಇಟ್ಟುಕೊಂಡವರು, ಕೆಲವು ಬೇಸಿಗೆ ಕಳೆದ ಮೇಲೆ ತೆಗೆದು ನೋಡಿದರೆ ಮುಖದ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿರಬಹುದು. ಮೂಲ ಚಿತ್ರವಿದ್ದ ಫೋನು ಅಷ್ಟರಲ್ಲಿ ಗುಜರಿಗೆ ಹೋಗಿರುತ್ತದೆ. ಹಿಂದಾದರೆ ಸ್ಟುಡಿಯೋದ ಲಕೋಟೆಯಲ್ಲಿ ನೆಗೆಟಿವ್ ಇರುತ್ತಿತ್ತು.

ಆಲ್ಬಂನಲ್ಲಿಟ್ಟರೆ ನೂರು ವರ್ಷ ಬಾಳುತ್ತದೆ ಎಂಬುದು ತಯಾರಕರ ಮಾತು. ನೂರು ವರ್ಷ ಕಾದವರು ಯಾರೂ ಇಲ್ಲ; ಹೆಚ್ಚು ಶಾಖ ಕೊಟ್ಟು ಬೇಗ ಮುದಿಯಾಗಿಸಿ ಹಾಕಿದ ಲೆಕ್ಕ ಅದು. ಪಿವಿಸಿ ಅಲ್ಲದ, ಪಾಲಿಪ್ರೊಪಿಲೀನ್ ಹಾಳೆಯ ಆಲ್ಬಂ ಕೇಳಿ ಕೊಳ್ಳುವುದು ಲೇಸು.

ಬೇರೆ ಬಗೆಗಳೂ ಇವೆ. ಪೋಲರಾಯ್ಡ್ ಪ್ರಯೋಗಾಲಯದಲ್ಲಿ ಹುಟ್ಟಿದ ಜಿಂಕ್ ಕಾಗದದೊಳಗೇ ಬಣ್ಣದ ಹರಳುಗಳಿರುತ್ತವೆ. ಬಿಸಿ ತಾಗುವವರೆಗೆ ಅವಕ್ಕೆ ಬಣ್ಣವಿಲ್ಲ. ರಿಬ್ಬನ್ನಿನ ರಗಳೆಯಿಲ್ಲ, ಆದರೆ ಚಿತ್ರ ಚಿಕ್ಕದು, ಬಣ್ಣವೂ ಸ್ವಲ್ಪ ಮಂಕು. ಫ್ಯೂಜಿಯ ಇನ್‌ಸ್ಟಾಕ್ಸ್ ಪ್ರಿಂಟರ್ ಫೋನಿನ ಚಿತ್ರವನ್ನು ಬೆಳಕಾಗಿಸಿ ನಿಜವಾದ ಫಿಲ್ಮಿನ ಮೇಲೆ ಬೀಳಿಸುತ್ತದೆ.

ಇನ್ನು ಖರ್ಚಿನ ಮಾತು. ಸೆಲ್ಫಿಯ ಒಂದು ಕ್ಯಾಸೆಟ್ಟಿಗೆ 36 ಚಿತ್ರ, ಅದಕ್ಕೆ ಸರಿಯಾಗಿ 36 ಹಾಳೆ. ಹಿಮಾಲಯದ ಬಿಳಿ ಹಿಮವಿರಲಿ, ದೀಪಾವಳಿಯ ಕತ್ತಲಿರಲಿ, ಪ್ರತಿ ಚಿತ್ರಕ್ಕೂ ಮೂರು ಬಣ್ಣದ ಒಂದೊಂದು ಇಡೀ ತುಂಡು ಮುಗಿಯಿತೆಂದೇ ಲೆಕ್ಕ. ಬಳಸದ ಬಣ್ಣ ಅಲ್ಲೇ ಉಳಿಯುತ್ತದೆ.

ಹಾಗೆ ಉಳಿದದ್ದೇ ಇನ್ನೊಂದು ಕಥೆ. ಮುಗಿದ ಕ್ಯಾಸೆಟ್ಟಿನ ರಿಬ್ಬನ್ನನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬಣ್ಣ ಇಳಿದುಹೋದ ಜಾಗಗಳು ತಿಳಿಯಾಗಿ, ಮುದ್ರಿಸಿದ ಪ್ರತಿಯೊಂದು ಚಿತ್ರವೂ ನೆಗೆಟಿವ್ ಆಗಿ ಅಲ್ಲಿ ಕಾಣುತ್ತದೆ. ಮಗಳ ಹುಟ್ಟುಹಬ್ಬ, ಪಾಸ್‌ಪೋರ್ಟಿಗೆಂದು ತೆಗೆದ ಮುಖ, ಎಲ್ಲವೂ ಹಳದಿಯಲ್ಲೊಮ್ಮೆ, ಕಡುಗುಲಾಬಿಯಲ್ಲೊಮ್ಮೆ, ನೀಲಿಯಲ್ಲೊಮ್ಮೆ ಸಾಲಾಗಿ. ಕಸದ ಬುಟ್ಟಿಗೆ ಹಾಕುವ ಮುನ್ನ ಕತ್ತರಿ ಆಡಿಸುವುದು ಒಳ್ಳೆಯದು.