ಬಾಣಂತಿಯ ಮನೋವ್ಯಥೆ

ಹೆರಿಗೆಯಾದ ಮೂರು-ನಾಲ್ಕನೆಯ ದಿನ ಬಾಣಂತಿಗೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ಮನಸ್ಸು ನೋಯುವುದು ಸಾಮಾನ್ಯ. ವಿಶ್ರಾಂತಿಯೂ ಮನೆಯವರ ಅಕ್ಕರೆಯೂ ದೊರೆತರೆ ಇದು 2 ವಾರಗಳೊಳಗೆ ತಾನಾಗಿಯೇ ಶಮನವಾಗುತ್ತದೆ.

ಆದರೆ ದುಃಖವು 2 ವಾರ ಮೀರಿಯೂ ಉಳಿದರೆ ಅದು ಖಿನ್ನತೆಯೆಂಬ ರೋಗವಿರಬಹುದು. ಇದರ ಚಿಹ್ನೆಗಳು ಹೀಗಿವೆ:

1. ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿರುವುದು.
2. ಊಟ ಸೇರದಿರುವುದು, ಸದಾ ಆಯಾಸ.
3. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿರುವುದು.
4. 'ನಾನು ಒಳ್ಳೆಯ ತಾಯಿಯಲ್ಲ' ಎಂಬ ಕೊರಗು.

ಇದು ಗಾಳಿ ಸೋಕಿದ್ದಲ್ಲ, ದೃಷ್ಟಿ ತಾಗಿದ್ದಲ್ಲ, ಸೋಮಾರಿತನವೂ ಅಲ್ಲ. ಹೆಣ್ಣುಮಗು ಹುಟ್ಟಿತೆಂದು ಹಂಗಿಸಿದರೆ ವ್ಯಥೆ ಮತ್ತಷ್ಟು ಉಲ್ಬಣಿಸುತ್ತದೆ.

ಪತಿಯು ಗದರಿಸದೆ ಆಕೆಯ ಮಾತಿಗೆ ಕಿವಿಗೊಡಬೇಕು. ರಾತ್ರಿ ಕೆಲಹೊತ್ತು ತಾನೇ ಮಗುವನ್ನು ನೋಡಿಕೊಂಡು ಆಕೆಗೆ ನಿದ್ರೆಯ ಅವಕಾಶ ಕಲ್ಪಿಸಬೇಕು. ಪತ್ನಿಯು ತವರಿನಲ್ಲಿದ್ದರೆ ಆಗಾಗ್ಗೆ ಹೋಗಿ ಬರಬೇಕು.

ಆಶಾ ಕಾರ್ಯಕರ್ತೆಗೆ ತಿಳಿಸಿ, ಇಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಆಪ್ತ ಸಮಾಲೋಚನೆಯಿಂದಲೂ ಔಷಧದಿಂದಲೂ ಈ ರೋಗ ಗುಣವಾಗುತ್ತದೆ. ಎದೆಹಾಲು ಉಣಿಸುತ್ತಲೇ ಸೇವಿಸಬಹುದಾದ ಔಷಧಗಳಿವೆ. ಆದರೆ ವೈದ್ಯರ ಸಲಹೆಯಿಲ್ಲದೆ ಯಾವುದನ್ನೂ ಕೊಡಬಾರದು. ಟೆಲಿ-ಮನಸ್ ಉಚಿತ ದೂರವಾಣಿ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು.

ತಾಯಿಯು ಸಾಯುವ ಮಾತನಾಡಿದರೆ, ಮಗುವಿಗೆ ಕೇಡು ಮಾಡುವೆನೆಂದರೆ, ಅಸಂಬದ್ಧವಾಗಿ ನುಡಿದರೆ, ಇಲ್ಲದ ದನಿ ಕೇಳುತ್ತಿದೆಯೆಂದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ, ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಣಂತಿಗೆ ಪಥ್ಯವೆಷ್ಟು ಮುಖ್ಯವೋ ಮನಶ್ಶಾಂತಿಯೂ ಅಷ್ಟೇ ಮುಖ್ಯ.