ಹಾಡುವ ಕೊಳವೆಯನ್ನು ಸುಮ್ಮನಾಗಿಸುವುದು

ಬೆಳಗಿನ ಪ್ರಾರ್ಥನೆಯಲ್ಲಿ ಮೈಕ್ ಹಿಡಿದವರು ತಪ್ಪಿ ಸ್ಪೀಕರ್ ಮುಂದೆ ಬಂದರೆ ಎಂಥ ಕೀರಲು ಸದ್ದು ಏಳುತ್ತದೆಂದು ನಮಗೆಲ್ಲ ಗೊತ್ತು. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ. ಸುತ್ತು ಹಾಕಿದಷ್ಟೂ ಬೆಳೆಯುತ್ತದೆ. ವಿಚಿತ್ರವೆಂದರೆ, ಇದೇ ಜೋಡಿಯಿಂದ ಇನ್ನೊಂದು ಕೂಗನ್ನು ಅಡಗಿಸಲೂಬಹುದು.

ಅದು ರೈಕೆ ಕೊಳವೆಯ ಕೂಗು. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಪೀಟರ್ ರೈಕೆ 1859ರಲ್ಲಿ ಇದನ್ನು ವಿವರಿಸಿದರು. ಎರಡೂ ತುದಿ ತೆರೆದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಕಾಲು ಭಾಗ ಎತ್ತರದಲ್ಲಿ ತಂತಿ ಜಾಲರಿ ಇಟ್ಟು ಕೆಂಪಗೆ ಕಾಯಿಸಿದರೆ ಕೊಳವೆ ಹಾಡತೊಡಗುತ್ತದೆ. ಪ್ರಥಮ ಪಿಯುಸಿಯ ಸೂತ್ರವೇ ಸಾಕು: ಒಂದು ಮೀಟರ್ ಕೊಳವೆಗೆ ಆವೃತ್ತಿ ಸುಮಾರು 170 ಹರ್ಟ್ಝ್, ಗಾಳಿ ಬಿಸಿಯಾದಂತೆ ತುಸು ಹೆಚ್ಚು. ಕೊಳವೆಯನ್ನು ಅಡ್ಡ ಮಲಗಿಸಿದರೆ ಮೇಲೇರುವ ಗಾಳಿ ನಿಂತು ಹಾಡೂ ನಿಲ್ಲುತ್ತದೆ. ಜಾಲರಿಯನ್ನು ಮೇಲಿನ ಅರ್ಧಕ್ಕೆ ಒಯ್ದರೂ ಅಷ್ಟೇ.

ಕಾರಣ ತಿಳಿಸಿದವರು ಲಾರ್ಡ್ ರ್‍ಯಾಲೆ, 1878ರಲ್ಲಿ. ಗಾಳಿ ಒತ್ತಿಕೊಂಡ ಕ್ಷಣದಲ್ಲಿ ಶಾಖ ಸೇರಿದರೆ ಕಂಪನ ಬೆಳೆಯುತ್ತದೆ, ಸಡಿಲವಾದ ಕ್ಷಣದಲ್ಲಿ ಸೇರಿದರೆ ಕುಗ್ಗುತ್ತದೆ. ಜೋಕಾಲಿಯನ್ನು ಹೊತ್ತು ನೋಡಿ ತಳ್ಳಿದ ಹಾಗೆ.

ಪ್ರಯೋಗಾಲಯದಲ್ಲಿ ಇದು ತಮಾಷೆ, ರಾಕೆಟ್ಟಿನಲ್ಲಿ ಅಲ್ಲ. ಅಲ್ಲಿ ಇಂಥ ಕಂಪನ ಎಂಜಿನನ್ನೇ ಒಡೆಯಬಲ್ಲದು. ಚಂದ್ರಯಾನಿಗಳನ್ನು ಹೊತ್ತ ಸ್ಯಾಟರ್ನ್ 5ರ ಎಫ್-1 ಎಂಜಿನ್‌ ಉರಿಯುತ್ತಿರುವಾಗ ಒಳಗೆ ಸಣ್ಣ ಬಾಂಬ್ ಸಿಡಿಸಿ, ಎದ್ದ ಕಂಪನ ತಾನಾಗಿ ಅಡಗುತ್ತದೆಯೇ ಎಂದು ನೋಡುತ್ತಿದ್ದರು. ಕೊನೆಗೆ ಒಳಗೆ ಲೋಹದ ಅಡ್ಡಗೋಡೆಗಳನ್ನು ಕೂರಿಸಿ ಗೆದ್ದರು.

ಅಡ್ಡಗೋಡೆ ನಿಷ್ಕ್ರಿಯ ಉಪಾಯ. ಸಕ್ರಿಯ ನಿಯಂತ್ರಣವೆಂದರೆ ಕೇಳಿಸಿಕೊಂಡು ಉತ್ತರಿಸುವುದು. 1984ರಲ್ಲಿ ಕೇಂಬ್ರಿಜ್‌ನ ಡೈನ್ಸ್, ಕೊಳವೆಯೊಳಗಿನ ಜ್ವಾಲೆಯ ಬೆಳಕಿನ ಏರಿಳಿತವನ್ನು ಸಂವೇದಕದಿಂದ ಅಳೆದು, ಆ ಸಂಕೇತದ ಹಂತ ಬದಲಿಸಿ ಸ್ಪೀಕರಿಗೆ ಕೊಟ್ಟು ಸದ್ದಡಗಿಸಿದರು. ಬೆಳಕಿನ ಬದಲು ಮೈಕ್ ಬಳಸಿದರೂ ಆಗುತ್ತದೆ.

ನನಗೆ ಹಿಡಿಸಿದ್ದು ಮುಂದಿನ ಸಂಗತಿ. ದೊಡ್ಡ ಸದ್ದಿಗೆ ಅಷ್ಟೇ ದೊಡ್ಡ ಎದುರು ಸದ್ದು ಸದಾ ಬೇಕು ಎಂದುಕೊಂಡಿದ್ದೆ. ಹಾಗಲ್ಲ. ಕಂಪನ ಒಮ್ಮೆ ಅಡಗಿತೆಂದರೆ, ಮತ್ತೆ ತಲೆಯೆತ್ತುವ ಚಿಕ್ಕ ಅಲುಗಾಟವನ್ನಷ್ಟೇ ತಡೆದರೆ ಸಾಕು. ಸ್ಪೀಕರಿಗೆ ಕೆಲಸವೇ ಇಲ್ಲದಂತೆ ಕಾಣುತ್ತದೆ. ಆದರೆ ಸ್ವಿಚ್ ಆರಿಸಿ, ಕೊಳವೆ ಮತ್ತೆ ಹಾಡುತ್ತದೆ. ಹಂತ ತಪ್ಪಿದರೆ ಕೂಗು ಇನ್ನೂ ಜೋರಾಗುತ್ತದೆ. ವರ್ಧನೆ ಅತಿಯಾದರೆ, ಮೊದಲು ಸುಮ್ಮನಿದ್ದ ಬೇರೊಂದು ಸ್ವರ ಏಳುತ್ತದೆ, ನಮ್ಮ ಪ್ರಾರ್ಥನೆಯ ಮೈಕಿನಂತೆಯೇ.

ವಿದ್ಯುತ್ ಸ್ಥಾವರದ ಗ್ಯಾಸ್ ಟರ್ಬೈನಿಗೆ ಸ್ಪೀಕರಿನ ಬಲ ಸಾಲದು. ಅಲ್ಲಿ ಆಕ್ಚುಯೇಟರ್ ಆಗಿ ಇಂಧನದ ಕವಾಟವನ್ನೇ ಬಳಸಿದ್ದಾರೆ. ಒತ್ತಡ ಏರಿಳಿಯುವ ವೇಗಕ್ಕೆ ತಕ್ಕಂತೆ ಅದು ಸೆಕೆಂಡಿಗೆ ನೂರಾರು ಬಾರಿ ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತದೆ.