ನ್ಯಾಯವಾದಿ ಸಂಸ್ಥೆಗಳ ಆಯ್ಕೆಯ ದಿನ: ಅದರ ಮೂಲವೂ ಕೊಡಗಿನ ವಿದ್ಯಾರ್ಥಿಯ ಸಿದ್ಧತೆಯೂ

ಇತಿಹಾಸದಲ್ಲಿ ಪದವಿ ಪಡೆದು, ಅನಂತರ ಮೂರು ವರ್ಷದ ಕಾನೂನು ವ್ಯಾಸಂಗಕ್ಕೆ ಹೋಗುವ ಕೊಡಗಿನ ವಿದ್ಯಾರ್ಥಿಗಳು ಅಧ್ಯಾಪಕರಾದ ನಮ್ಮಲ್ಲಿ ಒಂದು ಪ್ರಶ್ನೆಯನ್ನು ಕೇಳುವುದುಂಟು. ಬೆಂಗಳೂರಿನ ದೊಡ್ಡ ನ್ಯಾಯವಾದಿ ಸಂಸ್ಥೆಯೊಂದು ತರಬೇತಿಗೆ ಅಭ್ಯರ್ಥಿಗಳನ್ನು ಆರಿಸಲು ಒಂದು ದಿನವಿಡೀ ಪರೀಕ್ಷಿಸುವುದಂತೆ. ಆ ದಿನಕ್ಕಾಗಿ ಏನನ್ನು ಓದಬೇಕು? ಈ ಪ್ರಶ್ನೆಯ ಹಿಂದೆ ಒಂದು ಅಳುಕೂ ಇರುತ್ತದೆ. ಮನೆತನದಲ್ಲಿ ವಕೀಲರಿಲ್ಲ, ನಗರದ ಪರಿಚಯವಿಲ್ಲ, ಇತಿಹಾಸ ಓದಿದ್ದರಿಂದ ಕಾಲ ವ್ಯರ್ಥವಾಯಿತೋ ಎಂಬ ಶಂಕೆ ಬೇರೆ. ಈ ಆಯ್ಕೆಯ ಕ್ರಮ ಎಲ್ಲಿಂದ ಬಂದಿತೆಂಬುದನ್ನು ಅರಿತರೆ ಸಿದ್ಧತೆಯ ದಾರಿಯೂ ತಾನಾಗಿ ತಿಳಿಯುತ್ತದೆಂಬುದು ಈ ಲೇಖನದ ಅಭಿಪ್ರಾಯ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಭಾರತೀಯ ವಕೀಲರ ಪರಿಷತ್ತು 2010ರಲ್ಲಿ ವಿಧಿಸಿ, 2011ರಲ್ಲಿ ಮೊದಲ ಬಾರಿ ನಡೆಸಿದ ಅಖಿಲ ಭಾರತ ವಕೀಲರ ಪರೀಕ್ಷೆ ಕಾನೂನಿನ ಜ್ಞಾನವನ್ನು ಅಳೆಯುವಂಥದು. ಆಯ್ಕೆಯ ದಿನವಾದರೋ ಬೇರೆ ಬಗೆಯದು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಗಗಳಿರುತ್ತವೆ: ಒಂದು ಕಡತವನ್ನು ಓದಿ ನಿಯಮಿತ ವೇಳೆಯಲ್ಲಿ ಉತ್ತರ ಬರೆಯುವುದು, ಇತರ ಅಭ್ಯರ್ಥಿಗಳೊಡನೆ ಗುಂಪುಚರ್ಚೆ ನಡೆಸುವುದು, ಹಿರಿಯ ನ್ಯಾಯವಾದಿಗಳ ಮುಂದೆ ಸಂದರ್ಶನ. ಇಂಗ್ಲೆಂಡಿನ ಸಂಸ್ಥೆಗಳಲ್ಲಿ ಈ ಪದ್ಧತಿ ಹೆಚ್ಚು ರೂಢಿಯಲ್ಲಿದೆ. ನಮ್ಮ ದೇಶದಲ್ಲಿ ಅದರ ಅಂಗಗಳು ಒಂದಾಗಿಯೋ ಬಿಡಿಬಿಡಿಯಾಗಿಯೋ ಬಳಕೆಗೆ ಬಂದಿವೆ.

ಈ ಕ್ರಮದ ಮೂಲ ನ್ಯಾಯಾಲಯದಲ್ಲಿಲ್ಲ, ಸೇನೆಯಲ್ಲಿದೆ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷ್ ಸೇನೆ ಅಧಿಕಾರಿಗಳನ್ನು ಕಿರುಸಂದರ್ಶನದಿಂದಲೇ ಆರಿಸುತ್ತಿತ್ತು. ಮನೆತನಕ್ಕೂ ಓದಿದ ಶಾಲೆಗೂ ಅಲ್ಲಿ ಬೆಲೆ ಹೆಚ್ಚು. ಹೀಗೆ ಆಯ್ಕೆಯಾದವರಲ್ಲಿ ಅನೇಕರು ತರಬೇತಿಯಲ್ಲಿ ಸೋತು ಹಿಂದಿರುಗಿದುದರಿಂದ 1942ರಲ್ಲಿ ಹೊಸ ಆಯ್ಕೆ ಮಂಡಲಿಗಳು ಏರ್ಪಟ್ಟವು. ಅಭ್ಯರ್ಥಿಗಳು ಕೆಲವು ದಿನ ಒಟ್ಟಿಗೆ ತಂಗಿ, ಕೊಟ್ಟ ಕೆಲಸಗಳನ್ನು ಮಾಡಿತೋರಿಸಬೇಕಾಗಿತ್ತು. ನಾಯಕನನ್ನು ನೇಮಿಸದೆ ಗುಂಪಿಗೆ ಕೆಲಸವೊಪ್ಪಿಸಿ, ಯಾರು ಹೇಗೆ ವರ್ತಿಸುವರೆಂದು ನೋಡುವ ಪರೀಕ್ಷೆಯನ್ನು ರೂಪಿಸಿದವನು ಡಬ್ಲ್ಯು. ಆರ್. ಬಯಾನ್ ಎಂಬ ಮನೋವೈದ್ಯ. 1943ರಲ್ಲಿ ಈ ಕ್ರಮ ಭಾರತಕ್ಕೆ ಬಂದಿತು. ಇಂದಿನ ಸೇವಾ ಆಯ್ಕೆ ಮಂಡಲಿಗಳು ಅದರ ಮುಂದುವರಿಕೆ. ಯುದ್ಧಾನಂತರ ಬ್ರಿಟಿಷ್ ನಾಗರಿಕ ಸೇವೆಯೂ, ತರುವಾಯ ದೊಡ್ಡ ವ್ಯಾಪಾರ ಸಂಸ್ಥೆಗಳೂ, ಕೊನೆಗೆ ನ್ಯಾಯವಾದಿ ಸಂಸ್ಥೆಗಳೂ ಅದನ್ನು ಅನುಸರಿಸಿದವು.

ಕೊಡಗಿನ ಓದುಗರಿಗೆ ಈ ಚರಿತ್ರೆ ಅಪರಿಚಿತವಾಗಬೇಕಾಗಿಲ್ಲ. 1919ರಲ್ಲಿ ಇಂದೂರಿನ ಡೇಲಿ ಕೆಡೆಟ್ ಕಾಲೇಜಿನಿಂದ ಅಧಿಕಾರಿಯಾಗಿ ಹೊರಬಂದ ಕೆ. ಎಂ. ಕಾರ್ಯಪ್ಪನವರೂ, 1926ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಬಂದ ಕೆ. ಎಸ್. ತಿಮ್ಮಯ್ಯನವರೂ ಈ ಪದ್ಧತಿಗೆ ಮುಂಚಿನವರು. ಆದರೆ ಸ್ವಾತಂತ್ರ್ಯಾನಂತರ ಸೇನಾಧಿಕಾರಿಗಳಾದ ಕೊಡಗಿನ ಅನೇಕರು ಈ ಮಂಡಲಿಗಳನ್ನು ದಾಟಿಯೇ ಹೋದವರು. ಆದಕಾರಣ ಮನೆಯಲ್ಲಿ ವಕೀಲರಿಲ್ಲವೆಂದು ಕೊರಗುವ ವಿದ್ಯಾರ್ಥಿ, ಸೇನೆಯಿಂದ ನಿವೃತ್ತರಾದ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಕೇಳಿ ತಿಳಿಯುವುದು ಬಹಳವಿದೆ. ಅವರು ಹೇಳುವುದು ಒಂದೇ: ಅಲ್ಲಿ ನೋಡುವುದು ನೀನು ಏನನ್ನು ಬಲ್ಲೆ ಎಂಬುದನ್ನಲ್ಲ, ಕೆಲಸವನ್ನು ಹೇಗೆ ಮಾಡುವೆ ಎಂಬುದನ್ನು.

ಹಾಗಾದರೆ ಸಿದ್ಧತೆಯೆಂದರೆ ಕಂಠಪಾಠವಲ್ಲ, ಅಭ್ಯಾಸ. ನಮ್ಮ ನೆಲದ್ದೇ ಆದ ಒಂದು ಕಲ್ಪಿತ ಕಡತವನ್ನು ತೆಗೆದುಕೊಳ್ಳೋಣ. ಒಂದು ಒಕ್ಕಕ್ಕೆ ಸೇರಿದ ಜಮ್ಮಾ ಗದ್ದೆ. ಸೊಪ್ಪು, ಸೌದೆ, ಮೇವಿಗೆಂದು ಅದಕ್ಕೆ ಹೊಂದಿಕೊಂಡ ಬಾಣೆ. ದಾಖಲೆಯಲ್ಲಿ ಪಟ್ಟೇದಾರನಾದ ಹಿರಿಯನ ಹೆಸರು. ಬಾಣೆಯಲ್ಲಿ ಕಾಫಿ ಬೆಳೆಸಿದವನು ಕಿರಿಯ. ಅವನಿಗೆ ಬ್ಯಾಂಕಿನ ಸಾಲ ಬೇಕು. ಮರದ ವ್ಯಾಪಾರಿಯೂ ಬಾಗಿಲಿಗೆ ಬಂದಿದ್ದಾನೆ. 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್, 1964ರ ಕರ್ನಾಟಕ ಭೂಕಂದಾಯ ಅಧಿನಿಯಮ, ಬಾಣೆಯ ಹಕ್ಕನ್ನು ಕುರಿತ 2011ರ ತಿದ್ದುಪಡಿ ಇವುಗಳ ಸಂಬಂಧಪಟ್ಟ ಭಾಗಗಳನ್ನು ಕಡತದಲ್ಲಿ ಇಟ್ಟುಕೊಳ್ಳಲಿ. ಎರಡು ಗಂಟೆಗಳಲ್ಲಿ ಕಿರಿಯನಿಗೆ ಒಂದು ಪುಟದ ಸಲಹೆ ಬರೆಯಬೇಕು.

ಇತಿಹಾಸದ ವಿದ್ಯಾರ್ಥಿ ಇಲ್ಲಿ ಬರಿಗೈಯವನಲ್ಲ. ಮೊದಲು ತಾರೀಖುಗಳನ್ನು ಕ್ರಮವಾಗಿ ಜೋಡಿಸುವುದು. ಅನಂತರ ದಾಖಲೆ ಹೇಳುವುದನ್ನೂ ಕಕ್ಷಿಗಾರ ಹೇಳುವುದನ್ನೂ ಬೇರ್ಪಡಿಸುವುದು. ಇಲ್ಲದ ದಾಖಲೆ ಯಾವುದೆಂದು ಗುರುತಿಸುವುದು. ಮರದ ಹಕ್ಕು ಸರ್ಕಾರದ್ದೋ ಒಕ್ಕದ್ದೋ ಎಂಬುದು ಕಡತದಿಂದ ತಿಳಿಯದಿದ್ದರೆ ಊಹಿಸದೆ, ಯಾವ ಕಾಗದ ತರಿಸಬೇಕೆಂದು ಬರೆಯುವುದೇ ಸರಿಯಾದ ಉತ್ತರ. ಇದು ಶಾಸನವನ್ನೋ ಕಂದಾಯದ ಲೆಕ್ಕವನ್ನೋ ಓದುವಾಗ ನಾವು ತರಗತಿಯಲ್ಲಿ ಮಾಡುವ ಕೆಲಸವೇ. ಹೆಚ್ಚಿನದೆಂದರೆ, ನಿರ್ಣಯವನ್ನು ಕೊನೆಗಿಡದೆ ಮೊದಲ ವಾಕ್ಯದಲ್ಲಿಯೇ ಹೇಳುವ ಅಭ್ಯಾಸ.

ಗುಂಪುಚರ್ಚೆಗೆ ನಾಲ್ವರು ಗೆಳೆಯರು ಸಾಕು. ಇದೇ ಕಡತದಲ್ಲಿ ಹಿರಿಯ, ಕಿರಿಯ, ಬ್ಯಾಂಕು, ವ್ಯಾಪಾರಿ ಎಂದು ಪಕ್ಷಗಳನ್ನು ಹಂಚಿಕೊಂಡು ಅರ್ಧ ಗಂಟೆಯಲ್ಲಿ ಒಪ್ಪಂದಕ್ಕೆ ಬರಲಿ. ಹೆಚ್ಚು ಮಾತನಾಡಿದವನು ಗೆದ್ದನೆಂಬುದು ತಪ್ಪು ಭಾವನೆ. ಊರ ಕೂಟದಲ್ಲಿ ಎರಡೂ ಕಡೆಯನ್ನು ಕೇಳಿದ ಮೇಲೆ ಬಾಯಿ ತೆರೆಯುವ ಹಿರಿಯನಿಗೇ ಮನ್ನಣೆ. ಸುಮ್ಮನಿದ್ದವನನ್ನು ಮಾತಿಗೆಳೆಯುವುದು, ಚದುರಿದ ಮಾತುಗಳನ್ನು ಒಟ್ಟುಗೂಡಿಸುವುದು, ವೇಳೆಯನ್ನು ನೆನಪಿಸುವುದು ಇವೆಲ್ಲ ಪರೀಕ್ಷಕರ ಕಣ್ಣಿಗೆ ಬೀಳುವ ಗುಣಗಳು. ಸಂದರ್ಶನದಲ್ಲಿ ತಾನು ನಿಜವಾಗಿ ಮಾಡಿದ ಕೆಲಸವನ್ನು, ತಪ್ಪಿದ್ದರೆ ತಪ್ಪನ್ನೂ, ನೇರವಾಗಿ ಹೇಳುವುದು ಮೇಲು.

ಈ ಕ್ರಮ ಸಂಪೂರ್ಣ ನ್ಯಾಯಸಮ್ಮತವೆಂದು ಹೇಳಲಾಗದು. ನಿರರ್ಗಳವಾದ ಇಂಗ್ಲಿಷು ಬಲ್ಲವನಿಗೂ ಮುಂಚೆ ಇಂಥ ದಿನವನ್ನು ಕಂಡವನಿಗೂ ಅನುಕೂಲ ಇದ್ದೇ ಇದೆ. ರೈಲುಮಾರ್ಗವಿಲ್ಲದ ಜಿಲ್ಲೆಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು ನಿದ್ರೆಗೆಟ್ಟ ಕಣ್ಣಿನಲ್ಲಿ ಕಡತ ತೆರೆಯುವವನಿಗೂ ನಗರದವನಿಗೂ ಅಂತರವುಂಟು. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ತಂಗುವುದು ಒಳಿತು. ಆದರೂ ಮನೆತನವನ್ನು ಕೇಳುವ ಸಂದರ್ಶನಕ್ಕಿಂತ ಕೆಲಸವನ್ನು ನೋಡುವ ಪರೀಕ್ಷೆ ಮೇಲೆಂಬುದನ್ನು 1942ರ ಅನುಭವ ತೋರಿಸಿದೆ. ಉಳಿದ ಅಂತರವನ್ನು ತಗ್ಗಿಸುವುದು ಕಾಲೇಜುಗಳ ಕರ್ತವ್ಯ. ಪ್ರತಿಯೊಂದು ಇತಿಹಾಸ ವಿಭಾಗವೂ ವರ್ಷಕ್ಕೊಮ್ಮೆ ಇಂಥ ಒಂದು ಕಡತವನ್ನು ವಿದ್ಯಾರ್ಥಿಗಳ ಮುಂದಿಟ್ಟು, ಒಂದು ಶನಿವಾರವನ್ನು ಅದಕ್ಕೆ ಮೀಸಲಿಟ್ಟರೆ, ಮೊದಲು ಹೇಳಿದ ಅಳುಕು ಬಹುಮಟ್ಟಿಗೆ ನಿವಾರಣೆಯಾಗುವುದರಲ್ಲಿ ಸಂದೇಹವಿಲ್ಲ.